ಹಲಗೆ ಇಟ್ಟು ತೂಗಿದವರು

ರಸ್ತೆಬದಿಯಲ್ಲಿ ವಾಹನಗಳ ಭಾರ ಪರೀಕ್ಷಿಸುವ ಬಿಸಿಲು–ಧೂಳಿನ ಕೆಲಸಕ್ಕೆ ನಮ್ಮ ಇಲಾಖೆಯಲ್ಲಿ ಘನತೆ ತಂದುಕೊಟ್ಟವರಲ್ಲಿ ಹಲಗೆ ಮೇಡಂ ಅಗ್ರಗಣ್ಯರು. ಮೂವತ್ತೊಂದು ವರ್ಷಗಳ ಸೇವೆ ಪೂರೈಸಿ ಅವರು ನಿವೃತ್ತರಾಗಿರುವ ಈ ಹೊತ್ತಿನಲ್ಲಿ, ಆ ಅಡ್ಡಹೆಸರು ಬಂದ ಬಗೆಯನ್ನು ಹೇಳದೆ ಬರೀ ಹೊಗಳಿಕೆಯ ಸುರಿಮಳೆ ಸುರಿಸಿದರೆ ಅವರೇ ಸಿಡಿಮಿಡಿಗೊಂಡಾರು.

ಹೊಸತರಲ್ಲಿ ಅವರ ಪಾಲಿಗೆ ಬಂದದ್ದು ಒಂದು ಮುದಿ ಜೀಪು, ಚಕ್ರದಡಿ ಇಡುವ ಚಪ್ಪಟೆ ತಕ್ಕಡಿಗಳು ಮತ್ತು ಅಷ್ಟೇ ದಪ್ಪದ ಒಂದು ಕಟ್ಟು ಮರದ ಹಲಗೆಗಳು. ತಕ್ಕಡಿ ಏರಿದ ಚಕ್ರ ಎರಡು ಬೆರಳಷ್ಟು ಮೇಲೇಳುತ್ತದೆ. ಉಳಿದ ಚಕ್ರಗಳಿಗೂ ಹಲಗೆ ಕೊಟ್ಟು ಸಮ ಮಾಡದಿದ್ದರೆ ಅವುಗಳ ಭಾರವೂ ಇದರ ತಲೆಗೇ ಬಿದ್ದು, ತಕ್ಕಡಿಯು ನಿಜದಲ್ಲಿ ಇಲ್ಲದ ತೂಕವನ್ನು ತೋರಿಸುತ್ತದೆ. ತರಬೇತಿಯ ಮೊದಲ ದಿನದ ಪಾಠವಿದು.

ಸೇವೆಯ ಮೂರನೇ ವರ್ಷದ ಒಂದು ಬೆಳಿಗ್ಗೆ, ವಾಹನಗಳ ಸಾಲು ಉದ್ದವಾಗುತ್ತಿದ್ದ ಗಡಿಬಿಡಿಯಲ್ಲಿ, ಮೇಡಂ ಆ ಪಾಠವನ್ನೇ ಮರೆತರು. ಟೈಲ್ಸ್ ತುಂಬಿದ ಲಾರಿಯೊಂದು ಮಿತಿಗಿಂತ ಹೆಚ್ಚು ಭಾರ ತೋರಿಸಿತು.

"ನಾನೇ ನಿಂತು ಎಣಿಸಿ ತುಂಬಿಸಿದ್ದು ಮೇಡಂ, ಜಾಸ್ತಿ ಆಗೋಕೆ ಸಾಧ್ಯಾನೇ ಇಲ್ಲ" ಎಂದು ಚಾಲಕ ಅಂಗಲಾಚಿದ. ಅವನಿಗೆ ಮಗು ಹುಟ್ಟಿ ತಿಂಗಳೂ ಆಗಿರಲಿಲ್ಲ.

"ಎಲ್ರೂ ಹೇಳೋದು ಅದೇ" ಎಂದು ಮೇಡಂ ವರದಿ ಬರೆದು ಲಾರಿಯನ್ನು ಗೋದಾಮಿಗೆ ಹಿಂದಕ್ಕೆ ಕಳಿಸಿದರು. ಸಂಜೆಯೊಳಗೆ ಮಾಲೀಕ ಅವನನ್ನು ಕೆಲಸದಿಂದ ಕಿತ್ತುಹಾಕಿದ.

ಮರುದಿನ ಜೀಪು ಗುಡಿಸುವಾಗ ಹಗ್ಗ ಬಿಚ್ಚದ ಹಲಗೆ ಕಟ್ಟು ಕಣ್ಣಿಗೆ ಬಿತ್ತು. ಅವರು ನೇರ ಕಚೇರಿಗೆ ಹೋಗಿ ತಪ್ಪು ಒಪ್ಪಿಕೊಂಡರು. ಮೇಲಧಿಕಾರಿಗಳು ವಾತ್ಸಲ್ಯದಿಂದಲೇ, "ಆಗಿದ್ದಾಯ್ತು ಬಿಡಮ್ಮ, ನಿನ್ನ ಬಡ್ತಿಗೆ ನೀನೇ ಕಲ್ಲು ಹಾಕ್ಕೋಬೇಡ" ಎಂದರು. ಬಡ್ತಿಯ ಆಸೆ ಮೇಡಂಗೆ ಇಲ್ಲದಿರಲಿಲ್ಲ. ಆದರೆ ಆ ಚಾಲಕನ ಮುಖ ಕಣ್ಣೆದುರಿನಿಂದ ಕದಲಲೊಲ್ಲದು. ತಮ್ಮ ಮೇಲೆ ತಾವೇ ವರದಿ ಬರೆದಿಟ್ಟು, ಚಾಲಕನನ್ನು ಮನೆಯಿಂದ ಕರೆದುಕೊಂಡು ಗೋದಾಮಿಗೆ ಹೋದರು. ಇನ್ನೂ ಸರಕು ಇಳಿಸದೆ ನಿಂತಿದ್ದ ಲಾರಿಯನ್ನು, ಹಲಗೆ ಕೊಟ್ಟು, ಮಾಲೀಕನ ಎದುರೇ ತೂಗಿದರು. ಭಾರ ಮಿತಿಯೊಳಗಿತ್ತು.

"ತಪ್ಪು ಇವರದಲ್ಲ, ನಂದು" ಎಂದರು.

ಚಾಲಕನಿಗೆ ಕೆಲಸ ಮರಳಿತು. ಮೇಡಂ ಬಡ್ತಿ ನಾಲ್ಕು ವರ್ಷ ತಡವಾಯಿತು. ಅಂದಿನಿಂದ ಜೀಪಿನ ಬಾಗಿಲ ಒಳಗೆ "ಹಲಗೆ ಇಳಿಸಿದೆಯಾ?" ಎಂಬ ಸೀಮೆಸುಣ್ಣದ ಬರಹ ಅಳಿಸಿದ್ದಿಲ್ಲ. ಗೆಳೆಯರು ಗೇಲಿಗೆಂದು ಇಟ್ಟ ಹೆಸರನ್ನು ಅವರು ಖುಷಿಯಿಂದಲೇ ಹೊತ್ತರು.

ಮುಂದೆ ಕಾರಿನ ಹಿಂದೆ ಕಟ್ಟಿ ಎಳೆಯುವ, ಪುಟ್ಟ ಮನೆಯಂಥ ಕ್ಯಾರವಾನುಗಳ ಕಾಲ ಬಂದಾಗ, ಒಟ್ಟು ತೂಕ ಸರಿಯಿದ್ದರೂ ಹಿಂಬದಿಗೇ ಸಾಮಾನು ತುರುಕಿದರೆ ಗಾಡಿ ಓಲಾಡುತ್ತದೆಂದು ತಿಳಿಹೇಳಿ, ಎಷ್ಟೋ ಸಂಸಾರಗಳ ಪಾತ್ರೆ–ಹಾಸಿಗೆಗಳನ್ನು ಸ್ವತಃ ಹೊತ್ತು ನಡುವಿಗೆ ಜೋಡಿಸಿಕೊಟ್ಟವರೂ ಇವರೇ.

ಸೇವೆಯ ಕೊನೆಯ ದಿನ ಆ ಟೈಲ್ಸ್ ಲಾರಿಯ ಚಾಲಕರು, ಈಗ ತಲೆ ನರೆತವರು, ಪತ್ನಿಯೊಡನೆ ಪ್ರವಾಸ ಹೊರಟ ತಮ್ಮ ಕ್ಯಾರವಾನನ್ನು ಕಚೇರಿ ಅಂಗಳಕ್ಕೇ ತಂದು ನಿಲ್ಲಿಸಿದರು.

"ಕೊನೇದಾಗಿ ನಮ್ಮದೊಂದು ತೂಗಿಬಿಡಿ ಮೇಡಂ."

ಎಡಗಡೆ ಮೂವತ್ತು ಕೆಜಿ ಜಾಸ್ತಿ ಬಂತು.

"ಹಲಗೆ ಇಟ್ಟಿದ್ದೀರಾ?" ಚಾಲಕರು ಕಣ್ಣು ಮಿಟುಕಿಸಿದರು.

"ಬಗ್ಗಿ ನೋಡ್ಕೊಳ್ಳಿ."

ಅವರು ನಿಜಕ್ಕೂ ಬಗ್ಗಿ ನೋಡಿದರು. ಹಲಗೆ ಇತ್ತು.

"ಆ ಕಲ್ಲಿನ ಕುಂಡ ಬೇಡ ಅಂತ ಬಡ್ಕೊಂಡೆ, ಕೇಳಿದ್ರಾ?" ಎಂದು ಪತ್ನಿ ಗದರಿದರು.

"ಅದು ನಿಮಗೇ ತಂದ ಉಡುಗೊರೆ ಮೇಡಂ!"

"ಯಾರಿಗೆ ತಂದಿದ್ರೂ ಸರಿ, ಮೊದಲು ಇಳಿಸಿ."

ಗುಲಾಬಿ ಗಿಡದ ಸಮೇತ ಕುಂಡ ಇಳಿಯಿತು, ತೂಕ ಸರಿಹೋಯಿತು, ಮೇಡಂ ಕೊನೆಯ ಚೀಟಿಗೆ ಸಹಿ ಹಾಕಿದರು. ಆಮೇಲಷ್ಟೇ ಅವರ ಕಣ್ಣು ತುಂಬಿದ್ದು.

ಗಟ್ಟಿ ಆರೋಗ್ಯ, ನೆಮ್ಮದಿಯ ದೀರ್ಘಾಯುಷ್ಯ ಮೇಡಂ ಅವರ ಪಾಲಿಗಿರಲಿ. ಹೊಸಬರಿಗಾಗಿ ಅವರು ಬರೆಯುತ್ತಿರುವ ಕೈಪಿಡಿ ಬೇಗ ಮುಗಿಯಲಿ. ಅದರ ಮೊದಲ ಪುಟದಲ್ಲೇ ಟೈಲ್ಸ್ ಲಾರಿಯ ಪ್ರಸಂಗವಿದೆಯಂತೆ, ತಪ್ಪು ಮಾಡಿದವರ ಹೆಸರಿನ ಸಮೇತ.