ಜ್ವಾಲಾಮುಖಿಯೂ ನಮ್ಮ ಹೋಟ್ಲಿನ ಒಲೆಯೂ

ಕಳೆದ ವಾರ ಕ್ಲಾಸಲ್ಲಿ ಎದ್ದು ನಿಂತು ಘೋಷಿಸಿಬಿಟ್ಟೆ: ಈ ರಜೆಯಲ್ಲಿ ನಾನು ಜ್ವಾಲಾಮುಖಿ ನೋಡ್ಲಿಕ್ಕೆ ಹೋಗ್ತಿದ್ದೇನೆ. ಅಂಡಮಾನಿನ ಬ್ಯಾರನ್ ದ್ವೀಪ. ನಿಜವಾದ ಬೆಂಕಿ, ನಿಜವಾದ ಹೊಗೆ!

ಇಡೀ ಕ್ಲಾಸು ಉಸಿರು ಬಿಗಿಹಿಡಿಯಿತು. ಫ್ಯಾನೂ ನಿಂತಿತು. (ಅದು ಕರೆಂಟ್ ಹೋಗಿದ್ದಕ್ಕೆ ಅನ್ನುವವರು ಹೊಟ್ಟೆಕಿಚ್ಚಿನವರು.) ಪಕ್ಕದ ಬೆಂಚಿನ ಸೆಂದಿಲ್ ಮಾತ್ರ, "ಡೇ, ಸುಮ್ಮಾ ಪೀಲಾ ವಿಡಾದಡಾ" ಅಂದ. ರೈಲು ಬಿಡ್ಬೇಡ ಅಂತ. ಫೋಟೋ ತರದಿದ್ರೆ ವರ್ಷವಿಡೀ ನನ್ನ ಹೆಸರೇ 'ಪೀಲಾ' ಅಂತೆ. ಮರ್ಯಾದೆ ಪ್ರಶ್ನೆ.

ಸಣ್ಣ ತೊಂದರೆ ಒಂದೇ. ಅಪ್ಪನಿಗೆ ಇನ್ನೂ ಹೇಳಿರ್ಲಿಲ್ಲ.

ನಮ್ಮದು ತಾಂಬರಂ ಸ್ಟೇಷನ್ ಹತ್ರ ಇಡ್ಲಿ-ಕಾಫಿ ಹೋಟ್ಲು. ಅಜ್ಜ ಹಾಕಿದ ಪದ್ಧತಿ: ಬೆಳಿಗ್ಗೆ ಮೊದಲ ಒಲೆ ಮನೆಯವರೇ ಹಚ್ಚಬೇಕು. ಅಡುಗೆ ಭಟ್ರು ಎಷ್ಟು ಹಳಬರಾದ್ರೂ ಕೈಕಟ್ಟಿ ಕಾಯಬೇಕು. ಹಾಗಾಗಿ ಅಪ್ಪ ಊರಿನ ಮದುವೆಗೂ ಹೋದವರಲ್ಲ. ನಾನು ಹುಟ್ಟಿದ ದಿನವೂ ಒಲೆ ಹಚ್ಚಿಯೇ ಆಸ್ಪತ್ರೆಗೆ ಬಂದದ್ದಂತೆ!

ಊಟದ ಹೊತ್ತಿಗೆ ಪ್ಲಾನ್ ಬಿಚ್ಚಿದೆ. ಅಮ್ಮ ಆಗಲೇ ಸೂಟ್‌ಕೇಸಿನ ಧೂಳು ಒರೆಸ್ಲಿಕ್ಕೆ ಎದ್ದರು. ಅಜ್ಜಿ ನನ್ನ ಮೊಬೈಲಲ್ಲಿ ವಿಡಿಯೋ ನೋಡಿ, ಅಷ್ಟು ಬೆಂಕಿ ಸುಮ್ನೆ ಉರೀತಾ ಉಂಟಲ್ಲ, ಒಂದು ಪಾತ್ರೆ ಇಡುವವರಿಲ್ವಾ ಅಂತ ಸಂಕಟಪಟ್ಟರು. ದ್ವೀಪದಲ್ಲಿ ಇಳೀಲಿಕ್ಕೆ ಬಿಡೋದಿಲ್ಲ, ಬೋಟಿಂದಲೇ ನೋಡ್ಬೇಕು ಅಂದೆ. ದೂರ ನಿಂತು ಹೊಗೆ ನೋಡ್ಲಿಕ್ಕೆ ಅಂಡಮಾನ್ ಯಾಕೆ, ನಮ್ಮ ಹೋಟ್ಲಿನ ಹಿಂದೆ ನಿಲ್ಲು ಅಂದರು ಅಪ್ಪ. ಆಮೇಲೆ ಬಂತು ಅಸಲು ಪ್ರಶ್ನೆ.

"ನಾನು ಬಂದ್ರೆ ಇಲ್ಲಿ ಒಲೆ ಯಾರು ಹಚ್ಚೋದು ಮಾಣಿ?"

ನನ್ನ ನಾಲಿಗೆಗೆ ಬ್ರೇಕ್ ಇಲ್ಲ, ನಿಮಗೆ ಗೊತ್ತಲ್ಲ. ಅದೆಂತ ದೊಡ್ಡ ವಿದ್ಯೆ, ನಿದ್ದೆಗಣ್ಣಲ್ಲಿ ನಾನೇ ಹಚ್ತೇನೆ ಅಂದೆ.

ಮರುದಿನ ಕಾಗೆಗಳಿಗೂ ಎಚ್ಚರ ಆಗುವ ಮೊದಲೇ ಅಪ್ಪ ನನ್ನ ಹೊದಿಕೆ ಎಳೆದರು. ಹಚ್ಚಿದೆ. ಸುಮ್ನೆ ಅಲ್ಲ ಸ್ವಾಮೀ, ಸ್ಟೈಲಾಗಿ. ಗಣಪತಿ ಫೋಟೋಗೆ ನಮಸ್ಕಾರ, ಒಂದೇ ಕಡ್ಡಿ, ಭುಸ್! ಭಟ್ರು ಕಟ್ಟಿದ ಕೈ ಬಿಚ್ಚಿ, "ಅಜ್ಜನದ್ದೇ ಕೈ" ಅಂದರು. ಅಪ್ಪ ಕಣ್ಣೊರೆಸಿಕೊಂಡರು. (ಹಬೆ ಅಂತೆ. ಇಡ್ಲಿ ಇನ್ನೂ ಇಟ್ಟೇ ಇರ್ಲಿಲ್ಲ.) ನಾನು ಖಾಲಿ ಟೇಬಲ್‌ಗಳಿಗೆಲ್ಲ ತಲೆಬಾಗಿ ಚಪ್ಪಾಳೆ ಸ್ವೀಕರಿಸಿದೆ.

ಸಾಯಂಕಾಲ ಅಪ್ಪ ಜೀವನದಲ್ಲೇ ಮೊದಲ ಸಲ ಟೂರ್ ಟಿಕೆಟ್ ಮಾಡಿಸಿ ಬಂದರು. ಅಪ್ಪನಿಗೊಂದು, ಅಮ್ಮನಿಗೊಂದು, ಅಜ್ಜಿಗೊಂದು.

"ಒಲೆಗೆ ನೀನಿದ್ದೀಯಲ್ಲ ಮಾಣಿ, ಇನ್ನು ನನಗೆಂತ ಚಿಂತೆ?"

ಅಜ್ಜಿ ಬ್ಯಾಗಿಗೆ ಸಣ್ಣದೊಂದು ಪಾತ್ರೆಯನ್ನೂ ಹಾಕಿಕೊಂಡಿದ್ದಾರೆ. ಸೆಂದಿಲ್ ದಿನಾ ಫೋಟೋ ಕೇಳ್ತಿದ್ದಾನೆ.

ಪ್ರಿಯ ಓದುಗರೇ, ಹೋಟ್ಲಿನ ಹಿಂದಿನ ಹೊಗೆ ಅಂಡಮಾನಿನ ಹಾಗೆ ಕಾಣ್ಬೇಕಾದ್ರೆ ಎಷ್ಟು ದೂರದಲ್ಲಿ ನಿಂತು ಫೋಟೋ ತೆಗೀಬೇಕು?