ಮಳೆಗೆ ಉಬ್ಬಿದ ಬಾಗಿಲು

ಗೆಳೆಯರೇ, ನನಗೆ ಟೈಪ್ ಮಾಡಲು ಬರುವುದಿಲ್ಲ, ಅದಕ್ಕೇ ಹಾಳೆಯಲ್ಲಿ ಬರೆದು ಫೋಟೋ ಹಾಕಿದ್ದೇನೆ. ಅಕ್ಷರಗಳು ಸೊಟ್ಟಗಿವೆ, ತಪ್ಪುಗಳೂ ಇರಬಹುದು. ಐದನೇ ಕ್ಲಾಸಿಗೇ ಓದು ಬಿಟ್ಟವನೆಂದು ಮನ್ನಿಸಿ.

ಮನೆ ರಿಪೇರಿಯ ಸ್ವಂತ ಕೆಲಸ ಶುರು ಮಾಡಿದ ಮೇಲೆ ಇವತ್ತು ಮೊದಲ ಕರೆ ಬಂತು. ನಾನು ದುಡಿಯಲು ಬಂದಿರುವ ಈ ಮಲಯಾಳಿ ಊರಿನ ತಂಪಾನೂರು ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದರೆ, ಹಗಲುಗನಸಿನಲ್ಲಿ ದಾರಿಯ ಬೋರ್ಡುಗಳ ಮೇಲೆಲ್ಲ ನನ್ನ ಹೆಸರೇ ಕಾಣುತ್ತಿತ್ತು.

ಕರೆದವರು ಇಲ್ಲಿನ ಬ್ಯಾಂಕಿನಲ್ಲಿ ಕೆಲಸ ಮಾಡುವ, ಮೈಸೂರು ಕಡೆಯ ಒಬ್ಬ ಅಕ್ಕ. ಅವರ ಬಾಡಿಗೆ ಮನೆಯ ಬಾಗಿಲು ಮಳೆಗೆ ಉಬ್ಬಿ ಮುಚ್ಚುತ್ತಿರಲಿಲ್ಲ. "ಅಂಚು ಸ್ವಲ್ಪ ಕೀಸಿಬಿಡಪ್ಪ" ಎಂದರು.

ಈಗ ಕೀಸಿದರೆ ಬೇಸಿಗೆಯಲ್ಲಿ ಮರ ಒಣಗಿ ಸಂದು ಬೀಳುತ್ತದೆ. ತಲೆ ತಗ್ಗಿಸಿಕೊಂಡೇ ಅದನ್ನು ಹೇಳಿದೆ. "ಈಗ ಬ್ಯಾಡ್ರೀ ಅಕ್ಕಾರ. ಅಂಚಿಗೆ ಮೇಣದಬತ್ತಿ ತಿಕ್ರಿ, ಸಾಕು."

"ಬೇಸಿಗೆ ಹೊತ್ತಿಗೆ ನಮಗೆ ಟ್ರಾನ್ಸ್‌ಫರ್ ಕಣೋ. ಸಂದು ಬಿದ್ರೆ ನಮಗೇನು?"

"ಬಾಗಲಾ ಇಲ್ಲೇ ಇರತೈತಲ್ರೀ."

ಮನಸ್ಸು ಆಗಲೇ ಮುಂದಿನ ಬೇಸಿಗೆಗೆ ಹೋಗಿತ್ತು. ಯಾರೋ ಗುರುತಿಲ್ಲದವರು ಆ ಬಾಗಿಲನ್ನು ಒಂದೇ ಬೆರಳಿನಿಂದ, ಸದ್ದಿಲ್ಲದೆ ಮುಚ್ಚುತ್ತಿದ್ದರು. ಆ ಕನಸಿನಿಂದ ಎಚ್ಚೆತ್ತರೆ, ಮೊದಲ ಕೆಲಸವನ್ನು ನಾನೇ ಬೇಡವೆಂದಿದ್ದೆ! ಹೊರಡಲು ಚೀಲ ಎತ್ತಿಕೊಂಡೆ.

ಅಕ್ಕ ನಕ್ಕುಬಿಟ್ಟರು. "ನಿಂತ್ಕೊಳ್ಳೋ. ಹಿಂಗಾದ್ರೆ ನೀನು ವ್ಯಾಪಾರ ಮಾಡ್ದಂಗೇ! ಅಡುಗೆಮನೆ ನಲ್ಲಿ ಸೋರ್ತಿದೆ. ಅದಕ್ಕೂ ಬೇಸಿಗೆ ಬರ್ಬೇಕಾ?"

ಪುಣ್ಯಕ್ಕೆ ನಲ್ಲಿಗೆ ಮಳೆಗಾಲ, ಬೇಸಿಗೆ ಎಂಬ ಭೇದವಿಲ್ಲ. ಬೆಳಗ್ಗೆ ಹತ್ತು ಗಂಟೆಯೊಳಗೆ ಹೊಸ ವಾಷರ್ ಹಾಕಿ ಬಂದೆ.