ಇಳಿಜಾರಿಗೆ ಬಿಟ್ಟ ಕಾರು

ನಮ್ಮ ಕಡೆಯವರಿಗೆ ಒಂದು ಚಾಳಿಯಿದೆ, ಗಾಡಿಯನ್ನು ಯಾವಾಗಲೂ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುವುದು. ಹಳೇ ಜೀಪಿನ ಕಾಲದ ಬುದ್ಧಿ. ಸೆಲ್ಫ್ ಕೈಕೊಟ್ಟರೆ ಕೆಳಕ್ಕೆ ಬಿಟ್ಟು, ಗೇರು ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಎದ್ದುಬಿಡುತ್ತಿತ್ತು. ಜೀಪು ಹೋಗಿ ಕಾರು ಬಂದರೂ ಮೂಡಿಗೆರೆ ಹತ್ತಿರದ ನಮ್ಮ ಎಸ್ಟೇಟಿನಲ್ಲಿ ಅಪ್ಪ ಹಾಗೇ ನಿಲ್ಲಿಸುತ್ತಿದ್ದರು.

ಅವತ್ತು ಬೆಳಿಗ್ಗೆ ಮೆಕ್ಯಾನಿಕ್ ಮನೆಗೇ ಬಂದು ಕಾರಿನ ಇಂಜಿನ್ ಕಂಪ್ಯೂಟರ್ ಬದಲಾಯಿಸಿದ. ಹಳೆಯದಕ್ಕೆ ನೀರು ಹೊಕ್ಕಿತ್ತು. ಹೊಸದು ಹಾಕಿದ ಮೇಲೆ ಸೆಲ್ಫ್ ಚೆನ್ನಾಗಿಯೇ ತಿರುಗಿತು, ಪೆಟ್ರೋಲ್ ಎತ್ತುವ ಪಂಪಿನ ಸದ್ದೂ ಕೇಳಿತು, ಇಂಜಿನ್ ಮಾತ್ರ ಹಿಡಿಯಲಿಲ್ಲ. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಿತ್ತು.

"ಹೊಸ ಡಬ್ಬಕ್ಕೆ ನಿಮ್ಮ ಕೀ ಗುರುತಿಲ್ಲ ಯಜಮಾನ್ರೇ. ಕಳ್ಳ ಅಂದ್ಕಂಡು ಪೆಟ್ರೋಲ್ ಬಿಡ್ತಿಲ್ಲ. ಮಿಷಿನ್ ತಂದು ಪರಿಚಯ ಮಾಡಿಸ್ಬೇಕು. ಅಲ್ಲಿವರೆಗೆ ಇಳಿಜಾರಿಗೆ ಮಾತ್ರ ಬಿಡ್ಬೇಡಿ. ಇಂಜಿನ್ ಇಲ್ದೆ ಬ್ರೇಕು ಕಲ್ಲಾಗುತ್ತೆ, ಎಷ್ಟು ತುಳಿದ್ರೂ ಹಿಡಿಯಲ್ಲ," ಅಂದ.

ಅವನು ಮಿಷಿನ್ ತರಲು ಪೇಟೆಗೆ ಹೋದ ಸ್ವಲ್ಪ ಹೊತ್ತಿಗೆ ಅಮ್ಮನಿಗೆ ಎದೆ ಹಿಡಿದುಕೊಂಡಿತು. ಮೈಯೆಲ್ಲ ಬೆವರು, ಉಸಿರು ಸಾಲದು. ಚಿಕ್ಕಮಗಳೂರಿನ ಆಸ್ಪತ್ರೆಗೆ ತಕ್ಷಣ ಒಯ್ಯಬೇಕಿತ್ತು. ನಾನು ಪಕ್ಕದ ಎಸ್ಟೇಟಿಗೆ ಫೋನ್ ಮಾಡಿ ಜೀಪು ಕೇಳಿ ಹೊರಗೆ ಬರುವಷ್ಟರಲ್ಲಿ ಅಪ್ಪ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿ ಸ್ಟೇರಿಂಗ್ ಹಿಡಿದಿದ್ದರು.

"ಅಪ್ಪ, ಇಳೀರಿ. ಜೀಪು ಹೊರಟಿದೆ. ಅವ್ನು ಹೇಳಿದ್ದು ಕೇಳಿಸ್ಲಿಲ್ವಾ?"

"ಸುಮ್ನಿರು ಮಾರಾಯ್ತಿ. ನಿನ್ನೆ ಮೊನ್ನೆ ಬಂದವ್ನು ನಂಗೆ ಗಾಡಿ ಬಿಡೋದು ಹೇಳ್ಕೊಡ್ತಾನಾ?"

ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ನನ್ನ ಮಾತು. ಬಾಗಿಲು ಹಿಡಿದೆಳೆದೆ, ಕೈ ಜಾರಿತು. ಕಾರು ಸದ್ದಿಲ್ಲದೆ ಉರುಳತೊಡಗಿತು. ಅಪ್ಪ ಕ್ಲಚ್ ಬಿಟ್ಟಾಗ ಒಮ್ಮೆ ಮುಗ್ಗರಿಸಿತು, ಇಂಜಿನ್ ಏಳಲಿಲ್ಲ. ಮತ್ತೆ ಕ್ಲಚ್ ತುಳಿದರು, ಓಟ ಹೆಚ್ಚಿತು. ಕೆಳಗಿನ ತಿರುವಿನಾಚೆ ಕೆರೆಯಿತ್ತು. ಹ್ಯಾಂಡ್ ಬ್ರೇಕ್ ಎಳೀರಿ ಎಂದು ಕಿರುಚುತ್ತಾ ಹಿಂದೆ ಓಡಿದೆ. ಕಾರು ತಿರುವಿನಲ್ಲಿ ರಸ್ತೆ ಬದಿಯ ಮಣ್ಣಿನ ಧರೆಗೆ ಉಜ್ಜಿಕೊಂಡು, ಒಂದು ಚಕ್ರ ಚರಂಡಿಗಿಳಿದು ನಿಂತಿತು.

ಯಾರಿಗೂ ಗಾಯವಾಗಿರಲಿಲ್ಲ. ಅಮ್ಮ ಸೀಟಿನಿಂದ ಕೆಳಕ್ಕೆ ಬಿದ್ದಿದ್ದಳು. ಅವಳ ಮುಖ ಬೂದಿಯಂತಾಗಿತ್ತು. ಅಷ್ಟರಲ್ಲಿ ಜೀಪು ಬಂತು. ಅವಳನ್ನು ಮುಂದಿನ ಸೀಟಿಗೆ ಹತ್ತಿಸಿ, ನಾನು ಒತ್ತಿಕೊಂಡು ಕೂತೆ. ಅಪ್ಪ ಹಿಂದಿನಿಂದ ಹತ್ತಲು ಬಂದರು. ಅಮ್ಮ ತಿರುಗಿಯೂ ನೋಡದೆ, "ನೀವು ಬರ್ಬೇಡಿ," ಅಂದಳು.

ಮೂರನೇ ದಿನ ಅಮ್ಮ ಆಸ್ಪತ್ರೆಯಲ್ಲೇ ತೀರಿಕೊಂಡಳು. ಅಲ್ಲಿಯವರೆಗೂ ಅವಳು ಅಪ್ಪನ ಜೊತೆ ಮತ್ತೆ ಮಾತಾಡಲಿಲ್ಲ.

"ಜೀಪಲ್ಲಿ ಜಾಗ ಸಾಲಲ್ಲ ಅಂತ ಅಲ್ವಾ ಅವ್ಳು ಹಂಗಂದಿದ್ದು?" ಎಂದು ಅಪ್ಪ ಈಗಲೂ ಕೇಳುತ್ತಾರೆ.

"ಹೌದಪ್ಪ," ಅನ್ನುತ್ತೇನೆ. ಜೀಪಿನ ಹಿಂದಿನ ಎರಡು ಬೆಂಚೂ ಖಾಲಿಯಿದ್ದವು.